ಮಂಗ ಸತ್ತರೆ ಓಡಿ ಬರ್ತಾರೆ, ಅಮ್ಮನ ಪರೀಕ್ಷೆಗೆ ಯಾರು ಬರ್ತಾರೆ?

ಶಿವಮೊಗ್ಗ ಜಿಲ್ಲೆಯವರಿಗೆ ವೈರಸ್ ಅಂದರೇನು ಎಂದು ಯಾರೂ ಬಂದು ಪಾಠ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರ ಬಂದು ಮಲಗಿದರು. ಆಗ ಪತ್ತೆಯಾದ ವೈರಸ್‌ಗೆ ಜಗತ್ತು ಆ ಕಾಡಿನ ಹೆಸರನ್ನೇ ಇಟ್ಟಿತು. ಅಲ್ಲಿಂದ ಇಲ್ಲಿಯವರೆಗೆ ಮಲೆನಾಡಿನಲ್ಲಿ ತೋಟದ ಬದಿಗೆ ಒಂದು ಮಂಗ ಸತ್ತು ಬಿದ್ದರೂ ಅದು ಸುದ್ದಿ. ಪಂಚಾಯಿತಿಗೆ ಫೋನ್ ಹೋಗುತ್ತದೆ, ಇಲಾಖೆಯವರು ಬರುತ್ತಾರೆ, ಸುತ್ತ ಔಷಧಿ ಹೊಡೆಯುತ್ತಾರೆ, ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚಿಕೊಳ್ಳಲು ಎಣ್ಣೆ ಕೊಡುತ್ತಾರೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಸಾವುಗಳಾದಾಗ ಇಡೀ ರಾಜ್ಯ ಅತ್ತ ತಿರುಗಿ ನೋಡಿತ್ತು.

ನಾವು ಇವತ್ತು ಬರೆಯುತ್ತಿರುವುದು ಇನ್ನೊಂದು ಜಾತಿಯ ವೈರಸ್ ಬಗ್ಗೆ. ಇದಕ್ಕೆ ಜ್ವರ ಇಲ್ಲ, ಮೈಕೈ ನೋವಿಲ್ಲ. ಮೈಯೊಳಗೆ ಸೇರಿ ಹದಿನೈದು ಇಪ್ಪತ್ತು ವರ್ಷ ಸುಮ್ಮನೆ ಕೂತಿರುತ್ತದೆ. ಕೊನೆಗೆ ಒಂದು ದಿನ, ಮುಟ್ಟು ನಿಂತು ಎಷ್ಟೋ ಕಾಲವಾದ ಹೆಂಗಸಿಗೆ ಮತ್ತೆ ರಕ್ತ ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಅದು ಕ್ಯಾನ್ಸರ್ ಆಗಿರುತ್ತದೆ.

ಅದರ ಹೆಸರು ಹ್ಯೂಮನ್ ಪ್ಯಾಪಿಲೋಮಾ ವೈರಸ್, ಚಿಕ್ಕದಾಗಿ ಎಚ್‌ಪಿವಿ. ಗರ್ಭಕಂಠದ ಕ್ಯಾನ್ಸರ್, ಅಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್, ಹೆಚ್ಚುಕಡಿಮೆ ಎಲ್ಲವೂ ಈ ವೈರಸ್‌ನಿಂದಲೇ ಬರುವಂಥದ್ದು. ಇದನ್ನು ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಹುಮಾನ ಬಂತು. ಈ ವೈರಸ್‌ನಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ, 16 ಮತ್ತು 18ನೇ ನಂಬರಿನವು ಹೆಚ್ಚು ಕೆಟ್ಟವು. 2022ರ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದು ವರ್ಷದಲ್ಲೇ ಸುಮಾರು 1,27,000 ಹೆಂಗಸರಿಗೆ ಈ ಕ್ಯಾನ್ಸರ್ ಬಂತು, ಸುಮಾರು 80,000 ಜನ ತೀರಿಕೊಂಡರು.

ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇವೆ, ಯಾಕೆಂದರೆ ಇದೊಂದೇ ಕಾರಣಕ್ಕೆ ಎಷ್ಟೋ ಹೆಂಗಸರು ಬಾಯಿ ಬಿಡುವುದಿಲ್ಲ. ಇದು ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್ ಹೌದು. ಆದರೆ ನಡತೆಗೂ ಇದಕ್ಕೂ ಸಂಬಂಧ ಕಟ್ಟಬೇಡಿ. ಮದುವೆಯಾಗಿ ಸಂಸಾರ ಮಾಡುವ ಬಹುಪಾಲು ಗಂಡಸರು, ಹೆಂಗಸರು ಒಂದಲ್ಲ ಒಂದು ಸಾರಿ ಇದನ್ನು ಅಂಟಿಸಿಕೊಂಡೇ ಇರುತ್ತಾರೆ. ಜೀವನದಲ್ಲಿ ಒಬ್ಬರೇ ಸಂಗಾತಿ ಇದ್ದರೂ ಬರಬಹುದು. ಹೆಚ್ಚಿನವರಿಗೆ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ಹೋಗದೆ ಉಳಿದವರಲ್ಲಿ ಮಾತ್ರ ನಿಧಾನವಾಗಿ ಹುಣ್ಣಿನ ಹಾದಿ ಹಿಡಿಯುತ್ತದೆ. ಆ ನಿಧಾನವೇ ನಮ್ಮ ಅದೃಷ್ಟ. ಹಿಡಿಯಲು ಹದಿನೈದು ವರ್ಷ ಸಮಯ ಕೊಡುವ ಕ್ಯಾನ್ಸರ್ ಬೇರೆ ಎಷ್ಟಿವೆ?

ವೈರಸ್‌ನಿಂದ ಬರುವ ಕ್ಯಾನ್ಸರ್ ಇದೊಂದೇ ಅಲ್ಲ, ಎಲ್ಲ ಕಡೆ ಒಂದೇ ಲೆಕ್ಕದಲ್ಲೂ ಇಲ್ಲ. ನಾಗಾಲ್ಯಾಂಡ್ ಮತ್ತು ಮಣಿಪುರದಲ್ಲಿ ಮೂಗಿನ ಹಿಂಭಾಗದ ಗಂಟಲಿನ ಕ್ಯಾನ್ಸರ್ ಹೆಚ್ಚು. ದಕ್ಷಿಣ ಚೀನಾದಲ್ಲೂ ಹಾಗೆಯೇ. ಅದರ ಹಿಂದೆ ಎಪ್‌ಸ್ಟೀನ್-ಬಾರ್ ಎಂಬ ವೈರಸ್ ಇದೆ. ಆ ವೈರಸ್ ಪ್ರಪಂಚದ ಬಹುಪಾಲು ಜನರ ಮೈಯಲ್ಲಿ ಇರುತ್ತದೆ, ನಿಮ್ಮ ನಮ್ಮ ಮೈಯಲ್ಲೂ ಇರಬಹುದು, ಆದರೆ ಕರ್ನಾಟಕದಲ್ಲಿ ಆ ಕ್ಯಾನ್ಸರ್ ಅಪರೂಪ. ಅಂದರೆ ವೈರಸ್ ಒಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಊಟ, ವಂಶ, ಬದುಕಿನ ರೀತಿ ಎಲ್ಲ ಸೇರುತ್ತದೆ. ಅಮೆರಿಕದಲ್ಲಿ ಎಚ್‌ಪಿವಿಯಿಂದ ಗಂಡಸರಿಗೆ ಗಂಟಲ ಕ್ಯಾನ್ಸರ್ ಬರುವುದು ಹೆಚ್ಚಾಗಿ, ಅದು ಅಲ್ಲಿನ ಗರ್ಭಕಂಠದ ಕ್ಯಾನ್ಸರ್ ಲೆಕ್ಕವನ್ನೇ ದಾಟಿದೆ. ನಮ್ಮಲ್ಲಿ ಬಾಯಿ ಕ್ಯಾನ್ಸರ್‌ಗೆ ಮುಖ್ಯ ಕಾರಣ ವೈರಸ್ ಅಲ್ಲ. ತಂಬಾಕು, ಗುಟ್ಕಾ, ಮತ್ತೆ ಅಡಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. (ಅಡಿಕೆ ಮಾರಿ ಓದಿಸಿದ ಮನೆಗಳಿಂದ ಬಂದವರೂ ನಮ್ಮಲ್ಲಿದ್ದಾರೆ. ಈ ಸಾಲಿಗೆ ಮನೆಯಲ್ಲಿ ಬೈಗುಳ ಗ್ಯಾರಂಟಿ. ಅದು ಬೇರೆಯೇ ಬರಹ, ಇನ್ನೊಮ್ಮೆ ಬರೆಯೋಣ.)

ಲಿವರ್ ಕ್ಯಾನ್ಸರ್ ತರುವ ಹೆಪಟೈಟಿಸ್ ಬಿ ವೈರಸ್‌ಗೆ ಲಸಿಕೆ ಇದೆ. ಮಗು ಹುಟ್ಟಿದ 24 ಗಂಟೆಯೊಳಗೆ ಒಂದು ಡೋಸ್ ಬೀಳಬೇಕು. ಹೆರಿಗೆ ವಾರ್ಡಿನಿಂದ ಬರುವ ಮೊದಲು ಅದನ್ನು ಹಾಕಿಸಿದ್ದೀರಾ ಎಂದು ತಾಯಿ ಕಾರ್ಡ್ ನೋಡಿಕೊಳ್ಳಿ. ತೈವಾನ್ 1984ರಲ್ಲೇ ಮಕ್ಕಳಿಗೆ ಕೊಡಲು ಶುರು ಮಾಡಿ, ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಇಳಿಯುವುದನ್ನು ಕಣ್ಣಾರೆ ಕಂಡಿತು. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಆದರೆ ಸಾಮಾನ್ಯವಾಗಿ 12 ವಾರ ಮಾತ್ರೆ ನುಂಗಿದರೆ ವಾಸಿಯಾಗುತ್ತದೆ. 2018ರಿಂದ ಸರ್ಕಾರದ ಕಾರ್ಯಕ್ರಮದಲ್ಲಿ ಉಚಿತ.

ಈಗ ನಮ್ಮ ವಿಷಯಕ್ಕೆ ಬರೋಣ.

ಗರ್ಭಕಂಠದ ಕ್ಯಾನ್ಸರ್ ಕಡಿಮೆಯಾಗುತ್ತಿದೆ ಎಂದು ನೀವು ಪೇಪರಿನಲ್ಲಿ ಓದಿರಬಹುದು. ಸುಳ್ಳಲ್ಲ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯವರು 1980ರ ದಶಕದ ಆರಂಭದಿಂದ ಆ ನಗರದಲ್ಲಿ ಯಾರಿಗೆ ಯಾವ ಕ್ಯಾನ್ಸರ್ ಬಂತು ಎಂದು ಲೆಕ್ಕ ಇಡುತ್ತಾ ಬಂದಿದ್ದಾರೆ. ಆ ಲೆಕ್ಕದ ಪ್ರಕಾರ ಅಲ್ಲಿ ಗರ್ಭಕಂಠದ ಕ್ಯಾನ್ಸರ್ ಪ್ರಮಾಣ ಸರಿಸುಮಾರು ಅರ್ಧಕ್ಕೆ ಇಳಿದಿದೆ, ಸ್ತನ ಕ್ಯಾನ್ಸರ್ ಮೇಲಕ್ಕೆ ಬಂದು ಮೊದಲ ಸ್ಥಾನದಲ್ಲಿ ಕೂತಿದೆ. ವಿಚಿತ್ರ ಏನೆಂದರೆ, ಬೆಂಗಳೂರಿನಲ್ಲಿ ಮನೆಮನೆಗೆ ಹೋಗಿ ಎಲ್ಲ ಹೆಂಗಸರನ್ನೂ ಪರೀಕ್ಷೆ ಮಾಡಿದ್ದರಿಂದ ಇಳಿದದ್ದಲ್ಲ ಅದು. ಹೆಣ್ಣುಮಕ್ಕಳ ಮದುವೆ ವಯಸ್ಸು ಮೇಲಕ್ಕೆ ಹೋಯಿತು, ಹೆರಿಗೆಗಳ ಸಂಖ್ಯೆ ಕಡಿಮೆಯಾಯಿತು, ಓದು ಬಂತು, ಸ್ನಾನಕ್ಕೆ ನೀರು ಬಂತು. ತಜ್ಞರು ಹೇಳುವ ಕಾರಣಗಳು ಇವೇ.

ಆದರೆ ಅದು ಬೆಂಗಳೂರಿನ ಲೆಕ್ಕ. ಶಿವಮೊಗ್ಗದ್ದಲ್ಲ, ಭದ್ರಾವತಿಯದ್ದೂ ಅಲ್ಲ. 2020ರಲ್ಲಿ ಬಂದ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ವರದಿಯಲ್ಲಿ ದೇಶದ 28 ಪ್ರದೇಶಗಳ ಜನಸಂಖ್ಯೆ ಆಧಾರಿತ ಲೆಕ್ಕವಿತ್ತು. ಕರ್ನಾಟಕದಿಂದ ಅದರಲ್ಲಿದ್ದದ್ದು ಬೆಂಗಳೂರು ಒಂದೇ. ಅದೇ ವರದಿ ನೋಡಿದರೆ ಊರಿಂದ ಊರಿಗೆ ಎಷ್ಟು ವ್ಯತ್ಯಾಸ ಇರಬಹುದು ಎಂದು ಗೊತ್ತಾಗುತ್ತದೆ. ಅರುಣಾಚಲದ ಪಾಪುಂಪಾರೆ ಜಿಲ್ಲೆಯಲ್ಲಿ ವರ್ಷಕ್ಕೆ ಲಕ್ಷ ಹೆಂಗಸರಿಗೆ 28ರ ಹತ್ತಿರ. ಪಕ್ಕದ ಅಸ್ಸಾಮಿನ ಡಿಬ್ರುಗಢದಲ್ಲಿ 5ರ ಹತ್ತಿರ. ಅಕ್ಕಪಕ್ಕದ ರಾಜ್ಯಗಳಲ್ಲೇ ಐದಾರು ಪಟ್ಟು ಅಂತರ! ಹೀಗಿರುವಾಗ 300 ಕಿಲೋಮೀಟರ್ ದೂರದ ರಾಜಧಾನಿಯ ಅಂಕಿ ಹಿಡಿದುಕೊಂಡು "ನಮ್ಮಲ್ಲೂ ಕಡಿಮೆಯಾಗ್ತಿದೆ ಬಿಡಿ" ಎನ್ನುವುದು ಹೇಗೆ?

ಶಿವಮೊಗ್ಗ ಮತ್ತು ಭದ್ರಾವತಿಯನ್ನೇ ನೋಡಿ. ನಡುವೆ ಇಪ್ಪತ್ತು ಕಿಲೋಮೀಟರ್ ರಸ್ತೆ, ಸಿಟಿ ಬಸ್ಸಿನಂತೆ ಓಡಾಡುವ ಬಸ್ಸುಗಳು. ಒಂದು ಕಡೆ ಮೆಡಿಕಲ್ ಕಾಲೇಜು, ಮೆಗ್ಗಾನ್ ಆಸ್ಪತ್ರೆ, ಬೀದಿಗೊಂದು ಸ್ಕ್ಯಾನಿಂಗ್ ಸೆಂಟರ್. ಇನ್ನೊಂದು ಕಡೆ ಕಾಗದ ಕಾರ್ಖಾನೆ ನಿಂತು ಸಂಬಳದ ಬದುಕು ಕಳಚಿಬಿದ್ದ ಮನೆಗಳು, ಉಕ್ಕಿನ ಕಾರ್ಖಾನೆಯ ಭವಿಷ್ಯ ಏನೋ ಎಂದು ಕಾದು ಕೂತ ಮನೆಗಳು. ಗಂಡನ ಕೆಲಸ ಹೋದ ಮೇಲೆ ಮಾಚೇನಹಳ್ಳಿಯ ಗಾರ್ಮೆಂಟ್ಸ್‌ಗೆ ಹೋಗುವವರು, ಸೀಸನ್ ಬಂದಾಗ ಅಡಿಕೆ ಸುಲಿಯಲು ಹೋಗುವವರು ಹೆಂಗಸರೇ. ಒಂದು ದಿನ ರಜೆ ಹಾಕಿದರೆ ಆ ದಿನದ ಕೂಲಿ ಇಲ್ಲ. ಸ್ವಲ್ಪ ಬಿಳಿಸೆರಗು ಹೋದರೆ, ಕೆಳಹೊಟ್ಟೆ ನೋವಾದರೆ ಆ ಹೆಂಗಸು ಮೆಗ್ಗಾನ್‌ಗೆ ಹೋಗಿ ಚೀಟಿ ಮಾಡಿಸಿ ಸಾಲಿನಲ್ಲಿ ನಿಲ್ಲುತ್ತಾಳೆ ಎಂದು ನಿರೀಕ್ಷಿಸುವುದು ತಪ್ಪು. ಈ ಎರಡು ಊರಿನ ಹೆಂಗಸರ ಲೆಕ್ಕ ಒಂದೇ ಇರುತ್ತದೋ ಬೇರೆಯೋ? ಅಳೆದು ನೋಡಿದರೆ ತಾನೇ ತಿಳಿಯುವುದು.

ಈ ಬರಹ ಬರೆಯುವ ಮೊದಲು ನಮ್ಮ ನಮ್ಮ ಮನೆಗಳಲ್ಲಿ ಅಮ್ಮ, ದೊಡ್ಡಮ್ಮ, ಅತ್ತೆ, ಅತ್ತಿಗೆಯರನ್ನು ಕೇಳಿದೆವು: ಗರ್ಭಕೋಶದ ಬಾಯಿ ಪರೀಕ್ಷೆ ಯಾವತ್ತಾದರೂ ಮಾಡಿಸಿದ್ದೀರಾ? "ಹೆರಿಗೇಲಿ ನೋಡಿದ್ದೇ ಕಡೆ" ಎಂದರು ಒಬ್ಬರು. ಉಳಿದವರ ಉತ್ತರವೂ ಹೆಚ್ಚುಕಡಿಮೆ ಅದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಇದನ್ನೇ ಹೇಳುತ್ತದೆ. 30ರಿಂದ 49 ವರ್ಷದ ಹೆಂಗಸರಲ್ಲಿ ಜೀವನದಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿದವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇಲ್ಲ. ತಮಿಳುನಾಡಿನಲ್ಲಿ ನೂರಕ್ಕೆ ಹತ್ತರ ಹತ್ತಿರ. ಅಲ್ಲಿ ಪಿಎಚ್‌ಸಿ ನರ್ಸ್‌ಗಳೇ ಪರೀಕ್ಷೆ ಮಾಡುವ ವ್ಯವಸ್ಥೆ ಬಂದು ಬಹಳ ವರ್ಷವಾಯಿತು. ಕರ್ನಾಟಕದಲ್ಲಿ ನೂರಕ್ಕೆ ಒಬ್ಬರೂ ಇಲ್ಲ.

ಕಾಗದದ ಮೇಲೆ ನೋಡಿದರೆ ಎಲ್ಲ ಇದೆ. 30 ದಾಟಿದ ಪ್ರತಿ ಹೆಂಗಸಿಗೂ ಐದು ವರ್ಷಕ್ಕೊಮ್ಮೆ ಪರೀಕ್ಷೆ ಆಗಬೇಕು ಎಂದು 2016ರಲ್ಲೇ ಕೇಂದ್ರದ ಮಾರ್ಗಸೂಚಿ ಬಂದಿದೆ. ಗರ್ಭಕೋಶದ ಬಾಯಿಗೆ ವಿನೆಗರ್‌ನಂಥ ದ್ರಾವಣ ಹಚ್ಚಿ, ಬಿಳಿ ಕಲೆ ಮೂಡುತ್ತದೋ ಎಂದು ಕಣ್ಣಿನಲ್ಲಿ ನೋಡುವ ಪರೀಕ್ಷೆ ಅದು. ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಮಂಚ ಬೇಕು, ಪರದೆ ಬೇಕು, ಬೆಳಕು ಬೇಕು, ತರಬೇತಿಯಾದ ಕಣ್ಣು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ನಾಚಿಕೆ ಬಿಟ್ಟು ಬಂದು ಮಲಗುವ ಹೆಂಗಸು ಬೇಕು.

ಇದಕ್ಕೆ ಬೇರೆ ದಾರಿ ಇದೆ ಎಂದು ತೋರಿಸಿದ್ದು ದೂರದ ದೇಶವಲ್ಲ, ನಮ್ಮ ಬೀದರ್, ಕಲಬುರಗಿಗೆ ಅಂಟಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆ. ಈಗ ಅದರ ಹೆಸರು ಧಾರಾಶಿವ. ಅಲ್ಲಿನ ಹಳ್ಳಿಗಳ 30ರಿಂದ 59 ವರ್ಷದ 1,31,746 ಹೆಂಗಸರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಎಚ್‌ಪಿವಿ ವೈರಸ್ ಪರೀಕ್ಷೆ, ಜೀವನದಲ್ಲಿ ಒಂದೇ ಸಲ. ಒಂದಕ್ಕೆ ಪ್ಯಾಪ್ ಸ್ಮಿಯರ್, ಒಂದಕ್ಕೆ ವಿನೆಗರ್ ಪರೀಕ್ಷೆ. ನಾಲ್ಕನೆಯ ಗುಂಪಿಗೆ ಯಾವ ಪರೀಕ್ಷೆಯೂ ಇಲ್ಲ, ಎಂದಿನ ವ್ಯವಸ್ಥೆ. ಪ್ರತಿ ಗುಂಪಿನಲ್ಲೂ ಮೂವತ್ತು ಸಾವಿರಕ್ಕಿಂತ ಹೆಚ್ಚು ಜನ. 2009ರಲ್ಲಿ ಫಲಿತಾಂಶ ಬಂತು. ಪರೀಕ್ಷೆ ಇಲ್ಲದ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರ್‌ನಿಂದ ಸತ್ತವರು 64 ಹೆಂಗಸರು. ವೈರಸ್ ಪರೀಕ್ಷೆಯಾದ ಗುಂಪಿನಲ್ಲಿ 34. ಒಂದೇ ಒಂದು ಪರೀಕ್ಷೆಗೆ ಸಾವು ಹತ್ತಿರಹತ್ತಿರ ಅರ್ಧವಾಯಿತು. ಉಳಿದ ಎರಡು ಪರೀಕ್ಷೆಗಳು ಅಲ್ಲಿ ಅಂಥ ದೊಡ್ಡ ವ್ಯತ್ಯಾಸ ತೋರಿಸಲಿಲ್ಲ. (ಮುಂಬೈಯಲ್ಲಿ ಎರಡೆರಡು ವರ್ಷಕ್ಕೊಮ್ಮೆ ವಿನೆಗರ್ ಪರೀಕ್ಷೆ ಮಾಡಿದಾಗ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗಿತು, ಹಾಗಾಗಿ ಅದು ದಂಡ ಎಂದು ನಾವು ಹೇಳುವುದಿಲ್ಲ.)

ಆ ನಾಲ್ಕನೆಯ ಗುಂಪನ್ನು ಪರೀಕ್ಷೆ ಇಲ್ಲದೆ ಬಿಟ್ಟದ್ದು ಸರಿಯೇ ಎಂದು ಆಮೇಲೆ ದೊಡ್ಡ ಜಗಳವೇ ನಡೆಯಿತು. ನಡೆಯಬೇಕಾದ ಜಗಳವೇ. ಆದರೆ ಒಂದು ಕ್ಷಣ ಯೋಚಿಸಿ. ಸಂಶೋಧನೆ ಮುಗಿದು, ಉತ್ತರ ಸಿಕ್ಕಿ, ಇಷ್ಟು ವರ್ಷ ಕಳೆದ ಮೇಲೂ ನಮ್ಮ ಭದ್ರಾವತಿ, ಹೊಳೆಹೊನ್ನೂರು, ಕುಂಸಿ ಕಡೆಯ ಹೆಂಗಸರು ಯಾವ ಗುಂಪಿನಲ್ಲಿದ್ದಾರೆ? ಅದೇ ನಾಲ್ಕನೆಯ ಗುಂಪಿನಲ್ಲಿ.

ವೈರಸ್ ಪರೀಕ್ಷೆಯ ದೊಡ್ಡ ಅನುಕೂಲ ಏನೆಂದರೆ ಇದಕ್ಕೆ ಯಾರೆದುರೂ ಮಲಗಬೇಕಾಗಿಲ್ಲ. ಸಣ್ಣ ಬ್ರಷ್ ಕೊಡುತ್ತಾರೆ. ಮನೆಯ ಬಚ್ಚಲಲ್ಲೇ ಹೆಂಗಸು ತಾನೇ ಮಾದರಿ ತೆಗೆದು ಕೊಡಬಹುದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿದೆ, ವೈರಸ್ ಪರೀಕ್ಷೆಯೇ ಮೊದಲ ಆಯ್ಕೆಯಾಗಲಿ ಎಂದೂ ಹೇಳಿದೆ. ಲ್ಯಾಬ್ ಎಲ್ಲಿದೆ ಎಂದು ಕೇಳುತ್ತೀರಾ? ಟಿಬಿಯ ಕಫ ಪರೀಕ್ಷೆಗೆ, ಕೋವಿಡ್ ಕಾಲದಲ್ಲಿ ಗಂಟಲ ದ್ರವದ ಪರೀಕ್ಷೆಗೆ ಬಳಸಿದ ಟ್ರೂನ್ಯಾಟ್ ಎಂಬ ಪುಟ್ಟ ಯಂತ್ರದ ಹೆಸರು ಕೇಳಿರುತ್ತೀರಿ. ಗೋವಾದ ಕಂಪನಿಯದು. ಅದೇ ಯಂತ್ರದಲ್ಲಿ ನಡೆಯುವ ಎಚ್‌ಪಿವಿ ಕಿಟ್ ಈಗ ನಮ್ಮ ದೇಶದಲ್ಲೇ ತಯಾರಾಗುತ್ತಿದೆ. ಆಶಾ ಅಕ್ಕ ಬ್ರಷ್ ಕೊಟ್ಟು ವಾಪಸ್ ತಂದರೆ, ತಾಲ್ಲೂಕು ಆಸ್ಪತ್ರೆಯಲ್ಲಿ ಪರೀಕ್ಷೆ ಮುಗಿಸುವುದು ಆಗದ ಕೆಲಸವಲ್ಲ. ಕೋವಿಡ್‌ನಲ್ಲಿ ಇದಕ್ಕಿಂತ ಕಷ್ಟದ್ದನ್ನು ಇದೇ ಜನ ಮಾಡಿದ್ದಾರೆ. ಆದರೆ ಆಶಾ ಅವರ ತಲೆ ಮೇಲೆ ಇದನ್ನೂ ಪುಕ್ಕಟೆಯಾಗಿ ಹೇರಬಾರದು. ಮನೆಗೆ ಇಷ್ಟು ಎಂದು ಪ್ರೋತ್ಸಾಹಧನ ಕೊಟ್ಟೇ ಮಾಡಿಸಬೇಕು.

ಉಸ್ಮಾನಾಬಾದಿನಲ್ಲಿ ಹತ್ತು ಹೆಂಗಸರಲ್ಲಿ ಒಬ್ಬರಿಗೆ ವೈರಸ್ ಇದೆ ಎಂದು ಬಂತು. ವೈರಸ್ ಇದೆ ಅಂದರೆ ಕ್ಯಾನ್ಸರ್ ಇದೆ ಅಂತ ಅಲ್ಲ. ಇದನ್ನು ದಯವಿಟ್ಟು ಎರಡು ಸಲ ಓದಿ. ಆ ಒಬ್ಬರನ್ನು ಮಾತ್ರ ಕರೆದು ಪರೀಕ್ಷಿಸುತ್ತಾರೆ. ಕೆಟ್ಟ ಕಲೆ ಕಂಡರೆ ಬಿಸಿ ಮುಟ್ಟಿಸಿ ಆ ಭಾಗವನ್ನು ಸುಟ್ಟುಬಿಡುತ್ತಾರೆ. ಕೆಲವೇ ನಿಮಿಷದ ಕೆಲಸ, ಅಡ್ಮಿಟ್ ಆಗಬೇಕಾಗಿಲ್ಲ, ಗರ್ಭಕೋಶ ತೆಗೆಯಬೇಕಾಗಿಲ್ಲ. ಇದೇ ಕಲೆ ಹತ್ತು ವರ್ಷ ಬಿಟ್ಟು ಕ್ಯಾನ್ಸರ್ ಆಗಿ ಬಂದರೆ ಐದಾರು ವಾರ ರೇಡಿಯೇಷನ್, ಬೆಂಗಳೂರೋ ಮಣಿಪಾಲವೋ, ಜೊತೆಗೊಬ್ಬರು, ರೂಮು, ಊಟ, ಮನೆಯಲ್ಲಿ ದನಕರು ನೋಡುವವರಿಲ್ಲ.

ಗರ್ಭಕೋಶ ತೆಗೆಯುವ ಮಾತು ಬಂದದ್ದಕ್ಕೆ ಇನ್ನೊಂದು. ಪಕ್ಕದ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಭಾಗದಲ್ಲಿ ಅನಗತ್ಯವಾಗಿ ಗರ್ಭಕೋಶ ತೆಗೆದರು ಎಂದು ನೂರಾರು ಹೆಂಗಸರು, ಅದರಲ್ಲೂ ಲಂಬಾಣಿ ತಾಂಡಾಗಳವರು, ವರ್ಷಗಟ್ಟಲೆ ನ್ಯಾಯಕ್ಕಾಗಿ ಅಲೆದದ್ದು ನೆನಪಿದೆಯಲ್ಲ? ಹೊಟ್ಟೆನೋವು ಎಂದು ಹೋದವರಿಗೆ "ತೆಗೆಸದಿದ್ರೆ ಕ್ಯಾನ್ಸರ್ ಆಗುತ್ತೆ" ಎಂದು ಹೆದರಿಸಿದರೆ, ನಮ್ಮ ಹಳ್ಳಿ ಹೆಂಗಸಿನ ಕೈಯಲ್ಲಿ ಉತ್ತರ ಇಲ್ಲ. ಪರೀಕ್ಷೆಯ ರಿಪೋರ್ಟ್ ಇದ್ದರೆ ಅದೇ ಉತ್ತರ. "ನನಗೆ ವೈರಸ್ ಇಲ್ಲ ಅಂತ ಬಂದಿದೆ, ಯಾಕೆ ತೆಗೀಬೇಕು ಹೇಳಿ ಡಾಕ್ಟ್ರೇ" ಎಂದು ಕೇಳಬಹುದು.

ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಇದೆ, ಅದರ ಸುದ್ದಿ ಈಗ ಎಲ್ಲೆಡೆ. ಒಳ್ಳೆಯದೇ. ಸಿಕ್ಕಿಂ 2018ರಲ್ಲೇ ಶಾಲೆಗಳಲ್ಲಿ ಹಾಕಿಸಿ, 9ರಿಂದ 14 ವರ್ಷದ ಬಹುತೇಕ ಎಲ್ಲ ಹುಡುಗಿಯರನ್ನೂ ತಲುಪಿತು. ಸ್ಕಾಟ್ಲೆಂಡಿನಲ್ಲಿ 12-13ನೇ ವಯಸ್ಸಿನಲ್ಲಿ ಪೂರ್ತಿ ಲಸಿಕೆ ಪಡೆದ ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಈ ಕ್ಯಾನ್ಸರ್ ಬಂದಿಲ್ಲ ಎಂದು 2024ರಲ್ಲಿ ವರದಿಯಾಯಿತು. ಪುಣೆಯ ಸೀರಮ್ ಸಂಸ್ಥೆ ನಮ್ಮದೇ ಲಸಿಕೆ ಮಾಡಿದೆ.

ಆದರೆ ಲಸಿಕೆ ವಿರುದ್ಧ ವಾಟ್ಸಾಪಿನಲ್ಲಿ ಬರುವ ಮೆಸೇಜಿನ ಮೂಲ ತಿಳಿದಿರಲಿ. 2009-10ರಲ್ಲಿ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರದಲ್ಲಿ ಒಂದು ಪ್ರಯೋಗ ಯೋಜನೆಯಲ್ಲಿ ಲಸಿಕೆ ಹಾಕಿದರು. ಏಳು ಹುಡುಗಿಯರು ಸತ್ತರು, ಯೋಜನೆ ನಿಂತಿತು. ವಿಚಾರಣೆಯಲ್ಲಿ ಹಾವು ಕಚ್ಚಿದ್ದು, ನೀರಿಗೆ ಬಿದ್ದದ್ದು, ಮಲೇರಿಯಾ ಇಂಥ ಕಾರಣಗಳು ಕಂಡವು, ಲಸಿಕೆಯಿಂದ ಸಾವು ಎಂದು ಸಾಬೀತಾಗಲಿಲ್ಲ. ಆದರೆ ಅಲ್ಲಿ ಒಂದು ನಿಜವಾದ ತಪ್ಪು ನಡೆದಿತ್ತು. ಎಷ್ಟೋ ಬಡ ಆದಿವಾಸಿ ಹುಡುಗಿಯರ ಪರವಾಗಿ ತಂದೆತಾಯಿಯ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. ಸಂಸತ್ತಿನ ಸಮಿತಿ ಅದನ್ನು ಕಟುವಾಗಿ ಟೀಕಿಸಿತು. ಹಾಗಾಗಿ ಶಾಲೆಯಲ್ಲಿ ಲಸಿಕೆ ಹಾಕುವಾಗ ತಾಯಿಯನ್ನು ಕರೆದು ಕೂರಿಸಿ ವಿವರಿಸಿ ಎಂದು ಕೇಳುವುದು ನಮ್ಮ ಹಕ್ಕು. ಹೆದರಿ ಮಗಳನ್ನು ಆ ದಿನ ಶಾಲೆಗೆ ಕಳಿಸದೆ ಇರುವುದು ಅದಕ್ಕೆ ಪರಿಹಾರ ಅಲ್ಲ.

ನಮ್ಮ ತಕರಾರು ಇಷ್ಟೇ: ಲಸಿಕೆಯ ಸದ್ದಿನಲ್ಲಿ ತಾಯಂದಿರು ಮರೆತುಹೋಗುತ್ತಿದ್ದಾರೆ. ಹದಿಮೂರರ ಮಗಳಿಗೆ ಇವತ್ತು ಹಾಕಿದ ಲಸಿಕೆಯ ಫಲ ಕಾಣಲು ಇಪ್ಪತ್ತು ಮೂವತ್ತು ವರ್ಷ ಬೇಕು. ಮೂವತ್ತೈದರ, ನಲವತ್ತೈದರ ತಾಯಿಗೆ ಆ ಲಸಿಕೆಯಿಂದ ದೊಡ್ಡ ಉಪಯೋಗವಿಲ್ಲ. ವೈರಸ್ ಈಗಾಗಲೇ ಇದ್ದರೆ ಅದು ಓಡಿಸುವುದಿಲ್ಲ. ಆಕೆಗೆ ಬೇಕಾದದ್ದು ಪರೀಕ್ಷೆ. ವಿಶ್ವ ಆರೋಗ್ಯ ಸಂಸ್ಥೆ 2030ಕ್ಕೆ ಇಟ್ಟ ಗುರಿಯಲ್ಲೂ ಎರಡೂ ಇವೆ: ನೂರರಲ್ಲಿ 90 ಹುಡುಗಿಯರಿಗೆ ಲಸಿಕೆ, 70 ಹೆಂಗಸರಿಗೆ 35ನೇ ವಯಸ್ಸಿನಲ್ಲೊಮ್ಮೆ 45ರಲ್ಲೊಮ್ಮೆ ಪರೀಕ್ಷೆ, ಕಾಯಿಲೆ ಕಂಡವರಲ್ಲಿ 90 ಜನಕ್ಕೆ ಚಿಕಿತ್ಸೆ. ನಾವು ಇನ್ನೂ ಒಂದನ್ನೂ ಮುಟ್ಟದವರು ಎಪ್ಪತ್ತಕ್ಕೆ ಯಾವಾಗ ಹೋಗುವುದು?

ಲೆಕ್ಕ ಇಡುವುದನ್ನೂ ಬರೀ ಆಫೀಸಿನ ಕೆಲಸ ಎಂದುಕೊಳ್ಳಬೇಡಿ. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾಯಿತು. ಹಳ್ಳಿಯವರು ಆಸ್ಪತ್ರೆಗೆ ಬರುವುದೇ ಇಲ್ಲವಲ್ಲ, ಲೆಕ್ಕ ಸಿಗುವುದು ಹೇಗೆ? ಅದಕ್ಕೆ ಸಿಬ್ಬಂದಿಯೇ ಹಳ್ಳಿಹಳ್ಳಿಗೆ ಹೋದರು, ಕಟ್ಟೆ ಮೇಲೆ ಕೂತು ಮಾತಾಡಿದರು, ಯಾವ ಲಕ್ಷಣ ಕಂಡರೆ ಬರಬೇಕು ಎಂದು ಹೇಳಿದರು, ಅನುಮಾನ ಇದ್ದವರನ್ನು ಆಸ್ಪತ್ರೆಗೆ ಕರೆತಂದರು. ಕೆಲವೇ ವರ್ಷದಲ್ಲಿ ಗರ್ಭಕಂಠದ ಕ್ಯಾನ್ಸರ್ ಬೇಗನೆ, ಆರಂಭದ ಹಂತದಲ್ಲೇ ಪತ್ತೆಯಾಗುವವರ ಪ್ರಮಾಣ ಹೆಚ್ಚಿತು. ಎಣಿಸಲು ಹೋದವರು ಜೀವ ಉಳಿಸಿ ಬಂದರು. ಮೆಡಿಕಲ್ ಕಾಲೇಜು ಇರುವ ಶಿವಮೊಗ್ಗದಲ್ಲಿ, ಕಲಿಯುವ ಹುಡುಗ ಹುಡುಗಿಯರು ನೂರಾರು ಜನ ಇರುವಲ್ಲಿ, ಇದು ಯಾಕೆ ಆಗಬಾರದು? ಭದ್ರಾವತಿ ತಾಲ್ಲೂಕೊಂದನ್ನು ಹಿಡಿದು ಶುರು ಮಾಡಲಿ. ಗಾರ್ಮೆಂಟ್ಸ್ ಕಾರ್ಖಾನೆಯ ಗೇಟಿನೊಳಗೆ, ಕೂಲಿ ಕತ್ತರಿಸದೆ, ಪರೀಕ್ಷೆಗೆ ಒಂದು ದಿನ ಇಡಲಿ. ಅಡಿಕೆ ಸುಲಿಯುವ ಮನೆಗಳಿಗೆ ರಾತ್ರಿ ಹೋಗಲಿ, ಹೆಂಗಸರು ಒಟ್ಟಿಗೆ ಸಿಗುವುದು ಅಲ್ಲೇ.

ಅಲ್ಲಿಯವರೆಗೆ ಮನೆಯಲ್ಲಿ ಇದನ್ನು ಗಮನಿಸಿ: ಮುಟ್ಟು ನಿಂತ ಮೇಲೆ ರಕ್ತ, ಎರಡು ಮುಟ್ಟಿನ ನಡುವೆ ರಕ್ತ, ಗಂಡ ಹೆಂಡತಿ ಸೇರಿದ ಮೇಲೆ ರಕ್ತ, ವಾಸನೆಯ ಬಿಳಿಸೆರಗು. ಇದರಲ್ಲಿ ಯಾವುದಿದ್ದರೂ ತಾಲ್ಲೂಕು ಆಸ್ಪತ್ರೆಯಲ್ಲಿ ಗರ್ಭಕಂಠ ಪರೀಕ್ಷೆ ಬೇಕು ಎಂದು ಬಾಯಿಬಿಟ್ಟು ಕೇಳಿ. ಏನೂ ತೊಂದರೆ ಇಲ್ಲದ ಮೂವತ್ತು ದಾಟಿದವರೂ ಕೇಳಬಹುದು, ಕೇಳಲೇಬೇಕು.

ಮುಂದಿನ ಗ್ರಾಮಸಭೆಗೆ ಆರೋಗ್ಯ ಇಲಾಖೆಯವರು ಬಂದಾಗ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ: ನಮ್ಮ ಪಂಚಾಯಿತಿಯಲ್ಲಿ ಮೂವತ್ತು ದಾಟಿದ ಹೆಂಗಸರು ಎಷ್ಟು, ಅವರಲ್ಲಿ ಕಳೆದ ಐದು ವರ್ಷದಲ್ಲಿ ಪರೀಕ್ಷೆ ಆದವರು ಎಷ್ಟು?